ಗಗನಸಖಿಯ ಬಿಟ್ಟಿ ಚಾಕರಿ

2024ರ ಮೇ 8ರಂದು ಕೇರಳದ ವಿಮಾನ ನಿಲ್ದಾಣಗಳಲ್ಲಿ ಗಲ್ಫ್‌ಗೆ ಹೊರಟು ನಿಂತವರಿಗೆ ಬಾಗಿಲಲ್ಲೇ ಒಂದು ಸುದ್ದಿ ಕಾದಿತ್ತು: ಇವತ್ತು ವಿಮಾನ ಇಲ್ಲ. ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಕ್ಯಾಬಿನ್ ಸಿಬ್ಬಂದಿ ಹಿಂದಿನ ದಿನ ಸಂಜೆಯಿಂದಲೇ ಒಬ್ಬರ ಹಿಂದೆ ಒಬ್ಬರಂತೆ ‘ಮೈಗೆ ಹುಷಾರಿಲ್ಲ’ ಎಂದು ತಿಳಿಸಿ ರಜೆ ಹಾಕಿದ್ದರು. ಒಟ್ಟು 200ಕ್ಕೂ ಹೆಚ್ಚು ಮಂದಿ. ರಜೆ ಮುಗಿಸಿ ಕೆಲಸಕ್ಕೆ ಮರಳುವವರು, ವೀಸಾದ ಅವಧಿ ಮುಗಿಯುತ್ತಾ ಬಂದವರು, ಹೊಸ ಕೆಲಸಕ್ಕೆ ಸಾಲ ಮಾಡಿ ಟಿಕೆಟ್ ಮಾಡಿಸಿದವರು ಎಲ್ಲರೂ ಪೆಟ್ಟಿಗೆಗಳ ಮೇಲೆ ಕೂತುಬಿಟ್ಟರು. ಮಸ್ಕತ್‌ನ ಆಸ್ಪತ್ರೆಯಲ್ಲಿದ್ದ ಗಂಡನನ್ನು ನೋಡಲು ಹೊರಟಿದ್ದ ಕೇರಳದ ಒಬ್ಬ ಹೆಣ್ಣುಮಗಳೂ ಅವರಲ್ಲಿದ್ದಳು. ಅವಳಿಗೆ ಹೋಗಲಾಗಲಿಲ್ಲ. ಕೆಲವೇ ದಿನಗಳಲ್ಲಿ ಗಂಡ ತೀರಿಕೊಂಡ.

ಆ ವಾರ ಕರಾವಳಿಯಲ್ಲಿ, ಮಸೀದಿಯ ಅಂಗಳದಲ್ಲಿ, ಮದುವೆ ಹಾಲ್‌ಗಳಲ್ಲಿ ನಾವು ಕೇಳಿದ ಮಾತು ಬಹುತೇಕ ಒಂದೇ. “ಈ ಗಗನಸಖಿಯರಿಗೆ ಏನು ಕಡಿಮೆಯಾಗಿದೆ? ಕೈ ತುಂಬ ಸಂಬಳ, ದೊಡ್ಡ ಹೋಟೆಲಿನಲ್ಲಿ ವಾಸ, ದೇಶ ಸುತ್ತುವ ಯೋಗ. ಇವರಿಗೂ ಒಂದು ಯೂನಿಯನ್ನಾ? ಇವರನ್ನೆಲ್ಲ ಮನೆಗೆ ಕಳಿಸಬೇಕು.” ಮರುದಿನ ಕಂಪೆನಿ 25 ಮಂದಿಯನ್ನು ವಜಾ ಮಾಡಿದಾಗ ‘ಸರಿಯಾಯಿತು’ ಎಂದವರೇ ಹೆಚ್ಚು.

ಆ ಹೆಣ್ಣುಮಗಳ ಕಣ್ಣೀರು ಸುಳ್ಳಲ್ಲ. ಅದನ್ನು ಬದಿಗೆ ಸರಿಸಿ ಕಾರ್ಮಿಕರ ಹಕ್ಕಿನ ಬಗ್ಗೆ ಭಾಷಣ ಮಾಡುವುದು ಮನುಷ್ಯತ್ವವೂ ಅಲ್ಲ. ಆದರೆ ಆ ಕಣ್ಣೀರಿಗೆ ಹೊಣೆ ಯಾರು ಎಂಬ ಪ್ರಶ್ನೆಗೆ ನಾವು ಅವಸರದಲ್ಲಿ ಕೊಟ್ಟ ಉತ್ತರ ತಪ್ಪು. ಕ್ಯಾಬಿನ್ ಸಿಬ್ಬಂದಿಗೆ ಸಂಘ ಇದ್ದದ್ದರಿಂದ ಆ ದಿನ ವಿಮಾನ ಹಾರದೆ ಉಳಿದದ್ದಲ್ಲ. ಇದ್ದ ಸಂಘದ ಮಾತಿಗೆ ಕಿವಿಗೊಡುವವರು ಇರಲಿಲ್ಲವಾದ್ದರಿಂದ ಹಾರದೆ ಉಳಿಯಿತು. ಈ ಎರಡು ಮಾತುಗಳ ನಡುವೆ ಭೂಮಿ ಆಕಾಶದ ಅಂತರವಿದೆ.

ಏನಾಯಿತೆಂದು ನೋಡಿ. 2022ರ ಜನವರಿಯಲ್ಲಿ ಏರ್ ಇಂಡಿಯಾ ಟಾಟಾ ಸಮೂಹದ ಕೈಗೆ ಹೋಯಿತು. ಜೊತೆಗೆ ಏರ್ ಇಂಡಿಯಾ ಎಕ್ಸ್‌ಪ್ರೆಸ್ಸೂ ಹೋಯಿತು. ಬಳಿಕ ಹಿಂದಿನ ಏರ್‌ಏಷ್ಯಾ ಇಂಡಿಯಾವನ್ನು ಎಕ್ಸ್‌ಪ್ರೆಸ್ ಜೊತೆ ಸೇರಿಸುವ ಕೆಲಸ ಶುರುವಾಯಿತು. ಎರಡು ಕಂಪೆನಿ ಒಂದಾಗುವಾಗ ಹಳೆಯ ಸಿಬ್ಬಂದಿಯ ಭತ್ಯೆ, ಹುದ್ದೆ, ಸೇವಾ ಹಿರಿತನ ಎಲ್ಲವೂ ಅಲುಗಾಡಿದವು. ಭತ್ಯೆ ಕಡಿತವಾಗಿದೆ, ಹಿರಿಯ ಹುದ್ದೆಗೆ ಸಂದರ್ಶನ ಮುಗಿಸಿದವರಿಗೆ ಕೆಳಗಿನ ಹುದ್ದೆ ಕೊಡಲಾಗಿದೆ, ಸಿಬ್ಬಂದಿಯ ನಡುವೆ ತಾರತಮ್ಯ ನಡೆದಿದೆ ಎಂದು ನೌಕರರ ಸಂಘ ದೂರಿತು. ವ್ಯವಹಾರ ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಯ ಮುಂದೆಯೂ ಹೋಗಿತ್ತು. ಅಂದರೆ ಬಾಗಿಲು ತಟ್ಟುವ ಕೆಲಸ ತಿಂಗಳುಗಳಿಂದ ನಡೆದಿತ್ತು. ಬಾಗಿಲು ತೆರೆಯಲಿಲ್ಲ. ಕೊನೆಗೆ ಸಿಬ್ಬಂದಿ ಒಟ್ಟಾಗಿ ಮಲಗಿಬಿಟ್ಟರು.

ಇನ್ನು ಮೇ 9ರಂದು ಏನಾಯಿತು? ದಿಲ್ಲಿಯಲ್ಲಿ ಕೇಂದ್ರದ ಮುಖ್ಯ ಕಾರ್ಮಿಕ ಆಯುಕ್ತರ ಕಚೇರಿಯಲ್ಲಿ ಆಡಳಿತ ಮಂಡಳಿಯೂ ಸಂಘವೂ ಎದುರುಬದುರು ಕೂತವು. ಅದೇ ದಿನ ಒಪ್ಪಂದವಾಯಿತು. ವಜಾ ಆಗಿದ್ದ 25 ಮಂದಿಯೂ ಕೆಲಸಕ್ಕೆ ಮರಳಿದರು, ರಜೆ ಹಾಕಿದವರೆಲ್ಲ ಕೆಲಸಕ್ಕೆ ಹಾಜರಾಗುವುದಾಗಿ ಒಪ್ಪಿದರು. ಒಂದೇ ದಿನದ ಮಾತುಕತೆ ಸಾಕಾಯಿತು! ಹಾಗಾದರೆ ಆ ಮಾತುಕತೆ ಏಪ್ರಿಲ್‌ನಲ್ಲೇ ಯಾಕೆ ಆಗಲಿಲ್ಲ? ಆಗಿದ್ದರೆ ಮಸ್ಕತ್‌ಗೆ ಹೋಗಬೇಕಿದ್ದವಳು ಹೋಗುತ್ತಿರಲಿಲ್ಲವೇ? ನಾವು ಶಾಪ ಹಾಕಬೇಕಾದ್ದು ಯಾರಿಗೆ?

ಈಗ ‘ಕೈ ತುಂಬ ಸಂಬಳ’ದ ವಿಷಯಕ್ಕೆ ಬರೋಣ.

ವಿಮಾನಯಾನದಲ್ಲಿ ಒಂದು ಲೆಕ್ಕವಿದೆ. ನಿಂತ ವಿಮಾನ ಜಾರದಂತೆ ಚಕ್ರಕ್ಕೆ ಅಡ್ಡ ಕಟ್ಟೆ ಇಟ್ಟಿರುತ್ತಾರೆ. ಆ ಕಟ್ಟೆ ತೆಗೆದು ವಿಮಾನ ಚಲಿಸಿದ ಕ್ಷಣದಿಂದ, ಇಳಿದ ಊರಿನಲ್ಲಿ ಮತ್ತೆ ಕಟ್ಟೆ ಇಡುವ ಕ್ಷಣದವರೆಗಿನ ಅವಧಿಯನ್ನು ಹಾರಾಟದ ಗಂಟೆ ಎಂದು ಲೆಕ್ಕ ಹಿಡಿಯುತ್ತಾರೆ. ಜಗತ್ತಿನ ಬಹಳಷ್ಟು ಕಂಪೆನಿಗಳಲ್ಲಿ ಕ್ಯಾಬಿನ್ ಸಿಬ್ಬಂದಿಯ ಗಳಿಕೆಯ ದೊಡ್ಡ ಪಾಲು ಈ ಗಂಟೆಗಳಿಗೆ ಅಂಟಿಕೊಂಡಿದೆ. ನಮ್ಮ ದೇಶದಲ್ಲೂ ಮೂಲ ವೇತನದ ಮೇಲೆ ಬರುವ ಹಾರಾಟ ಭತ್ಯೆಯೇ ಅವರ ಮನೆ ನಡೆಸುವುದು. ಆದರೆ ಸಿಬ್ಬಂದಿಯ ಕೆಲಸ ಕಟ್ಟೆ ತೆಗೆದಾಗ ಶುರುವಾಗುವುದಿಲ್ಲ. ಅದಕ್ಕೂ ಬಹಳ ಮೊದಲೇ ಅವರು ನಿಲ್ದಾಣದಲ್ಲಿ ಹಾಜರಿರಬೇಕು. ಜೀವರಕ್ಷಕ ಉಪಕರಣಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು. ಗಾಲಿಕುರ್ಚಿಯ ಅಜ್ಜಿಯನ್ನು ಸೀಟಿಗೆ ತಲಪಿಸಬೇಕು, ಮೇಲಿನ ಗೂಡಿನಲ್ಲಿ ಹಿಡಿಸದ ಗಂಟುಮೂಟೆಗೆ ಜಾಗ ಹುಡುಕಬೇಕು, ಸೀಟಿಗಾಗಿ ಜಗಳಾಡುವವರನ್ನು ಸಮಾಧಾನ ಮಾಡಬೇಕು. ಮಂಜು ಕವಿದೋ ಯಂತ್ರ ಕೆಟ್ಟೋ ವಿಮಾನ ಎರಡು ಗಂಟೆ ನಿಂತರೆ ಪ್ರಯಾಣಿಕರ ಬೈಗುಳವನ್ನೆಲ್ಲ ನಗುಮುಖದಿಂದ ನುಂಗಬೇಕು. ಈ ಹೊತ್ತಿಗೆ ಹಾರಾಟದ ಗಂಟೆಯ ಲೆಕ್ಕವಿಲ್ಲ. ಇದಕ್ಕೆ ನಮ್ಮ ಹಿರಿಯರ ಕಾಲದಲ್ಲಿ ಒಂದು ಹೆಸರಿತ್ತು: ಬಿಟ್ಟಿ ಚಾಕರಿ.

ನಮ್ಮ ಓದುಗರಿಗೆ ಇದು ಅರ್ಥವಾಗಲು ಕೆನಡಾಕ್ಕೆ ಹೋಗಬೇಕಾಗಿಲ್ಲ, ತಾಯಂದಿರನ್ನು ಕೇಳಿದರೆ ಸಾಕು. ದಕ್ಷಿಣ ಕನ್ನಡದ ಎಷ್ಟು ಮುಸ್ಲಿಮ್ ಮನೆಗಳ ಒಲೆ ಬೀಡಿಯಿಂದ ಉರಿದಿಲ್ಲ? ಕೂಲಿ ಸಾವಿರ ಬೀಡಿಗೆ. ಎಲೆ ನೆನೆಸಿದ್ದಕ್ಕೆ, ಕತ್ತರಿಸಿದ್ದಕ್ಕೆ, ಕಟ್ಟು ಹೊತ್ತು ಬ್ರಾಂಚಿಗೆ ನಡೆದದ್ದಕ್ಕೆ, ಅಲ್ಲಿ ಸರದಿಯಲ್ಲಿ ಕಾದದ್ದಕ್ಕೆ ಬೇರೆ ಕೂಲಿ ಇಲ್ಲ. ಕೆಟ್ಟ ಬೀಡಿ ಎಂದು ಪಕ್ಕಕ್ಕೆ ಎಸೆದದ್ದರ ಲೆಕ್ಕವೂ ಇಲ್ಲ. ಆ ತಾಯಂದಿರಿಗೆ ಭವಿಷ್ಯನಿಧಿ, ಬೋನಸ್ಸು, ತುಟ್ಟಿಭತ್ಯೆ ಸಿಕ್ಕಿದ್ದು ಕಂಟ್ರಾಕ್ಟುದಾರನ ಕರುಣೆಯಿಂದಲ್ಲ. ಸಂಘ ಕಟ್ಟಿ, ಮೆರವಣಿಗೆ ಹೋಗಿ, ಬೈಸಿಕೊಂಡು ಪಡೆದದ್ದು. ತಲೆಯ ಮೇಲೆ ಶಾಲು ಹೊದ್ದು ಬೀಡಿ ಸುತ್ತಿದವಳಿಗೆ ಸಂಘ ಬೇಕೆಂದು ಒಪ್ಪಿದ ನಾವು, ಸಮವಸ್ತ್ರ ತೊಟ್ಟು ವಿಮಾನದಲ್ಲಿ ನಿಂತವಳಿಗೆ ಬೇಡ ಎನ್ನುವುದು ಯಾವ ನ್ಯಾಯ?

ಅಳೆದು ತೆಗೆದುಕೊಳ್ಳುವಾಗ ತುಂಬಿಸಿಕೊಂಡು, ಅಳೆದು ಕೊಡುವಾಗ ಕಡಿಮೆ ಮಾಡುವವರಿಗೆ ವಿನಾಶವಿದೆಯೆಂದು ಪವಿತ್ರ ಕುರ್‌ಆನ್ ಎಚ್ಚರಿಸುತ್ತದೆ. ನಾವು ಈ ಎಚ್ಚರಿಕೆಯನ್ನು ದಿನಸಿ ಅಂಗಡಿಯ ತಕ್ಕಡಿಗಷ್ಟೇ ಸೀಮಿತಗೊಳಿಸಿದ್ದೇವೆ. ಹತ್ತು ಗಂಟೆ ದುಡಿಸಿ ಆರು ಗಂಟೆಯ ಲೆಕ್ಕ ಬರೆಯುವ ರೋಸ್ಟರು ತಕ್ಕಡಿಯಲ್ಲವೇ? ಪ್ರವಾದಿ ಶುಐಬ್(ಅ)ರು ಮದ್‌ಯನ್‌ನ ವ್ಯಾಪಾರಿಗಳಿಗೆ ಹೇಳಿದ್ದು ಇದನ್ನೇ ಅಲ್ಲವೇ?

ಈ ತಕ್ಕಡಿಯನ್ನು ಬೀದಿಗೆ ತಂದವರು ಕೆನಡಾದ ಸಿಬ್ಬಂದಿ. 2025ರ ಆಗಸ್ಟ್ 16ರಂದು ಏರ್ ಕೆನಡಾದ 10,000ಕ್ಕೂ ಹೆಚ್ಚು ಕ್ಯಾಬಿನ್ ಸಿಬ್ಬಂದಿ ಮುಷ್ಕರ ಹೂಡಿದರು. ಅವರ ಮುಖ್ಯ ಬೇಡಿಕೆಗಳಲ್ಲೊಂದು ಇದೇ: ನೆಲದ ಮೇಲಿನ ಕೆಲಸಕ್ಕೂ ಕೂಲಿ ಕೊಡಿ. ಮುಷ್ಕರ ಶುರುವಾಗಿ 12 ಗಂಟೆ ಆಗುವುದರೊಳಗೆ ಸರಕಾರ ಕಾನೂನಿನ ಒಂದು ಕಲಮನ್ನು ಎತ್ತಿ ಹಿಡಿದು ಕೆಲಸಕ್ಕೆ ಮರಳಿಸಲು ಹೊರಟಿತು. ಸಂಘ ಬಗ್ಗಲಿಲ್ಲ. 19ರಂದು ಒಪ್ಪಂದವಾಯಿತು. ನೆಲದ ಮೇಲಿನ ಕೆಲಸಕ್ಕೆ ಗಂಟೆಯ ದರದ ಅರ್ಧದಿಂದ ಶುರುವಾಗಿ ಏರುತ್ತಾ ಹೋಗುವ ಕೂಲಿಗೆ ಕಂಪೆನಿ ಒಪ್ಪಿತು. ಸಂಬಳದ ಭಾಗ ಸಾಲದೆಂದು ಸದಸ್ಯರು ಮತ ಹಾಕಿ ಅದನ್ನು ತಿರಸ್ಕರಿಸಿದ್ದೂ ನಡೆಯಿತು. ನಾಯಕರು ತಂದದ್ದನ್ನೆಲ್ಲ ತಲೆಬಾಗಿ ಒಪ್ಪುವುದು ಸಂಘವಲ್ಲ ಎಂಬುದಕ್ಕೆ ಇದೂ ಒಂದು ಪಾಠ.

“ಅಮೆರಿಕದ ಡೆಲ್ಟಾದಲ್ಲಿ ಕ್ಯಾಬಿನ್ ಸಿಬ್ಬಂದಿಗೆ ಸಂಘವೇ ಇಲ್ಲ, ಆದರೂ ಅದು 2022ರಲ್ಲೇ ಪ್ರಯಾಣಿಕರನ್ನು ಹತ್ತಿಸುವ ಹೊತ್ತಿಗೂ ಅರ್ಧ ಕೂಲಿ ಕೊಡಲು ಶುರುಮಾಡಿತಲ್ಲ?” ಎಂದು ಕೆಲವರು ವಾದಿಸುತ್ತಾರೆ. ಹೌದು, ಕೊಟ್ಟಿತು. ಆದರೆ ಆ ಹೊತ್ತಿನಲ್ಲಿ ಡೆಲ್ಟಾದ ಸಿಬ್ಬಂದಿಯನ್ನು ಸಂಘಟಿಸಲು ಅಲ್ಲಿನ ಕ್ಯಾಬಿನ್ ಸಿಬ್ಬಂದಿಯ ಸಂಘ ಮನೆ ಮನೆ ಬಾಗಿಲು ತಟ್ಟುತ್ತಿತ್ತು ಎಂಬುದನ್ನೂ ಹೇಳಬೇಕು. ಸಂಘ ಬಂದೀತೆಂಬ ಭಯವೇ ಮಾಲಕನ ಕೈ ಸಡಿಲಿಸುವುದಾದರೆ, ಸಂಘ ಬೇಕೆಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಇನ್ನೊಂದು ತಪ್ಪು ಕಲ್ಪನೆ, ಇವರು ಚಹಾ ಕೊಡಲು ಇರುವವರು ಎಂಬುದು. ಹಾಗಿದ್ದರೆ ಕಾನೂನು ಇಷ್ಟು ಸೀಟಿಗೆ ಇಷ್ಟು ಸಿಬ್ಬಂದಿ ಇರಲೇಬೇಕೆಂದು ಯಾಕೆ ಹೇಳುತ್ತದೆ? ಒಂದು ಮಾದರಿಯ ವಿಮಾನಕ್ಕೆ ಪರವಾನಗಿ ಸಿಗಬೇಕಾದರೆ, ಅರ್ಧ ಬಾಗಿಲುಗಳನ್ನಷ್ಟೇ ಬಳಸಿ 90 ಸೆಕೆಂಡಿನಲ್ಲಿ ತುಂಬಿದ ವಿಮಾನವನ್ನು ಖಾಲಿ ಮಾಡಬಹುದೆಂದು ತೋರಿಸಬೇಕು. ಆ 90 ಸೆಕೆಂಡಿನ ಯಜಮಾನರು ಈ ಸಿಬ್ಬಂದಿಯೇ. 2024ರ ಜನವರಿ 2ರಂದು ಟೋಕಿಯೊದ ಹನೇಡಾ ನಿಲ್ದಾಣದಲ್ಲಿ ಜಪಾನ್ ಏರ್‌ಲೈನ್ಸ್‌ನ ವಿಮಾನ ಹೊತ್ತಿ ಉರಿಯಿತು. ಒಳಗಿದ್ದ 379 ಮಂದಿಯೂ ಜೀವಂತ ಹೊರಬಂದರು. ಧ್ವನಿವರ್ಧಕ ಕೆಟ್ಟಿದ್ದರೂ ಕೂಗಿ ಕೂಗಿ ದಾರಿ ತೋರಿದವರು ಕ್ಯಾಬಿನ್ ಸಿಬ್ಬಂದಿ. 1986ರಲ್ಲಿ ಕರಾಚಿಯಲ್ಲಿ ಅಪಹರಣಕಾರರ ಗುಂಡಿನೆದುರು ಪ್ರಯಾಣಿಕರನ್ನು ಹೊರದಾಟಿಸುತ್ತಾ ಪ್ರಾಣ ಕೊಟ್ಟ ನೀರಜಾ ಭಾನೋಟ್ ಕೂಡ ಇದೇ ಕೆಲಸದವಳು. ಅಶೋಕ ಚಕ್ರ ಕೊಟ್ಟು ಗೌರವಿಸುವಾಗ ವೀರವನಿತೆ, ರೋಸ್ಟರ್ ಕೇಳಿದಾಗ ಚಹಾದವಳು!

ನಾವು ಕರಾವಳಿಯವರು 2010ರ ಮೇ 22ನ್ನು ಮರೆಯಲಾದೀತೇ? ದುಬೈಯಿಂದ ಬಂದ ವಿಮಾನ ಬಜಪೆಯ ರನ್‌ವೇ ದಾಟಿ ಕೆಂಜಾರಿನ ಕಣಿವೆಗೆ ಬಿದ್ದಿತು. 166 ಮಂದಿಯಲ್ಲಿ 158 ಮಂದಿ ಸತ್ತರು, ಉಳಿದವರು ಎಂಟೇ ಮಂದಿ. ಸತ್ತವರಲ್ಲಿ ಆರು ಮಂದಿ ಸಿಬ್ಬಂದಿ. ದಾರಿಯಲ್ಲಿ ಬಹಳ ಹೊತ್ತು ನಿದ್ದೆಯಲ್ಲಿದ್ದ ಕ್ಯಾಪ್ಟನ್ನರ ನಿದ್ದೆಯ ಮಂಪರೂ ದುರಂತಕ್ಕೆ ಒಂದು ಕಾರಣವಾಗಿರಬಹುದೆಂದು ತನಿಖಾ ವರದಿ ಹೇಳಿತು. ಸತ್ತವರನ್ನು ದೂರುವುದಕ್ಕೆ ಇದನ್ನು ಎತ್ತುತ್ತಿಲ್ಲ. ವಿಮಾನದೊಳಗಿನವರ ನಿದ್ದೆ, ವಿಶ್ರಾಂತಿ, ದಣಿವು ಎಂಬುದು ಅವರ ಸ್ವಂತ ವಿಷಯವಲ್ಲ, ನಮ್ಮ ಮನೆಯವರ ಪ್ರಾಣದ ವಿಷಯ. ಅವರ ವಿಶ್ರಾಂತಿಗಾಗಿ ಮಾತಾಡುವ ಸಂಘ ನಮ್ಮ ಪರವಾಗಿಯೂ ಮಾತಾಡುತ್ತದೆ. ‘ದಣಿದಿದ್ದೇನೆ, ಇವತ್ತು ಹಾರಲಾರೆ’ ಎಂದು ಒಂಟಿಯಾಗಿ ಹೇಳಿದವಳಿಗೆ ಮೆಮೊ ಬರುತ್ತದೆ. ಸಂಘದ ಮೂಲಕ ಹೇಳಿದರೆ ಅದು ನಿಯಮವಾಗುತ್ತದೆ.

ಹೀಗಿರುವಾಗ ಸರಕಾರದ ಎರಡು ನಾಲಗೆಯನ್ನೂ ನೋಡಿ. 2024ರಲ್ಲಿ 200 ಮಂದಿ ನೌಕರರು ರಜೆ ಹಾಕಿ ವಿಮಾನ ನಿಂತಾಗ ನೌಕರರ ಕೆಲಸ ಹೋಯಿತು. 2025ರ ಡಿಸೆಂಬರ್‌ನಲ್ಲಿ ದೇಶದ ಅತಿ ದೊಡ್ಡ ಕಂಪೆನಿ ಇಂಡಿಗೊ ಸಾವಿರಾರು ಹಾರಾಟಗಳನ್ನು ರದ್ದು ಮಾಡಿತು. 5ರಂದು ಒಂದೇ ದಿನ ಸಾವಿರಕ್ಕೂ ಹೆಚ್ಚು. ಕಾರಣ? ಪೈಲಟ್‌ಗಳ ವಿಶ್ರಾಂತಿ ಹೆಚ್ಚಿಸುವ ಹೊಸ ನಿಯಮ ಬರುತ್ತದೆಂದು ಬಹಳ ಹಿಂದೆಯೇ ಗೊತ್ತಿದ್ದರೂ ಕಂಪೆನಿ ಸಾಕಷ್ಟು ತಯಾರಿ ಮಾಡಿಕೊಂಡಿರಲಿಲ್ಲ. ಆಗ ಏನಾಯಿತು? ರಾತ್ರಿ ಪಾಳಿಯ ನಿಯಮದಿಂದಲೇ ಕಂಪೆನಿಗೆ ತಾತ್ಕಾಲಿಕ ವಿನಾಯಿತಿ ಸಿಕ್ಕಿತು! ಬಳಿಕ ದಂಡ ಬಿದ್ದದ್ದೂ ನಿಜ. ಆದರೆ ಮೊದಲು ಸಡಿಲಾದದ್ದು ದಣಿದವನ ನಿದ್ದೆ. ನೌಕರ ವಿಮಾನ ನಿಲ್ಲಿಸಿದರೆ ಅಪರಾಧ, ಮಾಲಕ ನಿಲ್ಲಿಸಿದರೆ ‘ಬಿಕ್ಕಟ್ಟು’. ಆ ಡಿಸೆಂಬರ್‌ನಲ್ಲೂ ಆಸ್ಪತ್ರೆಗೆ, ಮದುವೆಗೆ, ಮಯ್ಯಿತ್‌ಗೆ ಹೊರಟವರಿದ್ದರು. ಆಗ ‘ಇವರನ್ನೆಲ್ಲ ಮನೆಗೆ ಕಳಿಸಬೇಕು’ ಎಂದು ನಮ್ಮಲ್ಲಿ ಎಷ್ಟು ಮಂದಿ ಹೇಳಿದರು?

ಕಾನೂನೂ ಈಗ ಬಿಗಿಯಾಗಿದೆ. ಹಳೆಯ ಕೈಗಾರಿಕಾ ವಿವಾದಗಳ ಕಾಯ್ದೆಯ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. ಅದರ ಪ್ರಕಾರ ಮುಷ್ಕರಕ್ಕೆ ಮುಂಚಿತವಾಗಿ ನೋಟೀಸು ಕೊಡಲೇಬೇಕು, ಕೊಟ್ಟ ಮೇಲೆ 14 ದಿನ ಕಾಯಬೇಕು, ಸಂಧಾನ ನಡೆಯುತ್ತಿರುವಷ್ಟು ಕಾಲ ಮುಷ್ಕರ ಹೂಡುವಂತಿಲ್ಲ. ಅರ್ಧ ಅಥವಾ ಅದಕ್ಕಿಂತ ಹೆಚ್ಚು ಮಂದಿ ಒಂದೇ ದಿನ ಒಟ್ಟಾಗಿ ಸಾಂದರ್ಭಿಕ ರಜೆ ಹಾಕಿದರೆ ಅದೂ ಮುಷ್ಕರವೇ. ನಾವು ನೋಟೀಸನ್ನು ವಿರೋಧಿಸುವುದಿಲ್ಲ. ನಿಜ ಹೇಳಬೇಕೆಂದರೆ, ಹೇಳದೆ ಕೇಳದೆ ರಾತ್ರೋರಾತ್ರಿ ರಜೆ ಹಾಕಿದ 2024ರ ದಾರಿ ಸರಿಯಾದ ದಾರಿಯಾಗಿರಲಿಲ್ಲ. ನೋಟೀಸು ಕೊಟ್ಟಿದ್ದರೆ ಪ್ರಯಾಣಿಕ ಬೇರೆ ದಾರಿ ನೋಡಿಕೊಳ್ಳುತ್ತಿದ್ದ. ರೋಗಿಯ ಬಳಿ ಹೋಗುವವರಿಗೆ, ಮಯ್ಯಿತ್ ಸಾಗಿಸುವವರಿಗೆ ದಾರಿ ಬಿಟ್ಟುಕೊಡುವುದು ಸಂಘದ ಧರ್ಮವೂ ಹೌದು. ಆದರೆ ಮುಷ್ಕರದ ಬಾಗಿಲಿಗೆ ಬೀಗ ಹಾಕುವವರು ಮಾತುಕತೆಯ ಬಾಗಿಲನ್ನಾದರೂ ತೆರೆದಿಡಬೇಕಲ್ಲ? ಶೇಕಡ 51ರಷ್ಟು ಕಾರ್ಮಿಕರು ಸದಸ್ಯರಾಗಿರುವ ಸಂಘಕ್ಕೆ ಮಾತುಕತೆಯ ಮಾನ್ಯತೆ ಎಂದು ಸಂಹಿತೆ ಹೇಳುತ್ತದೆ. ಸಿಬ್ಬಂದಿ ಇಂದು ಒಂದು ಊರಲ್ಲಿ ನಾಳೆ ಇನ್ನೊಂದು ಊರಲ್ಲಿ ಮಲಗುತ್ತಾರೆ, ಒಬ್ಬರ ಮುಖ ಒಬ್ಬರು ತಿಂಗಳಿಗೊಮ್ಮೆ ನೋಡುವುದೂ ಕಷ್ಟ, ಹಲವರು ಅವಧಿ ಗುತ್ತಿಗೆಯವರು. ಗುತ್ತಿಗೆ ನವೀಕರಣ ಮೇಲಿನವರ ಕೈಯಲ್ಲಿರುವಾಗ ಸದಸ್ಯತ್ವದ ಅರ್ಜಿಗೆ ಸಹಿ ಹಾಕುವ ಧೈರ್ಯ ಯಾರಿಗೆ ಬರಬೇಕು? ಬಾಗಿಲು ತೆರೆದಿದೆ, ಆದರೆ ಮೆಟ್ಟಿಲು ತೆಗೆಯಲಾಗಿದೆ.

ಸಂಘವಿಲ್ಲದ ಕಡೆ ಏನಾಗುತ್ತದೆಂದು 2008ರ ಅಕ್ಟೋಬರ್‌ನಲ್ಲಿ ಮುಂಬಯಿಯಲ್ಲಿ ಕಂಡಿದ್ದೇವೆ. ಜೆಟ್ ಏರ್‌ವೇಸ್ ಒಂದೇ ಏಟಿಗೆ 800 ಮಂದಿಯನ್ನು ತೆಗೆದು, ಇನ್ನೂ 1,100 ಮಂದಿ ಹೋಗುತ್ತಾರೆಂದಿತು. ಸಮವಸ್ತ್ರದಲ್ಲೇ ಬೀದಿಗೆ ಬಂದ ಆ ಹುಡುಗ ಹುಡುಗಿಯರಿಗೆ ತಮ್ಮದೇ ಆದ ಒಂದು ಸಂಘದ ಕಚೇರಿ ಇರಲಿಲ್ಲ. ಅವರು ಓಡಿದ್ದು ರಾಜ್ ಠಾಕ್ರೆಯ ಮನೆಗೆ. ಜೆಟ್ ವಿಮಾನ ಮುಂಬಯಿಯಿಂದ ಹಾರಲು ಬಿಡುವುದಿಲ್ಲ ಎಂದು ಆತ ಗುಡುಗಿದ. ಮರುದಿನ ರಾತ್ರಿ ಮಾಲಕ ನರೇಶ್ ಗೋಯಲ್ ಎಲ್ಲರನ್ನೂ ವಾಪಸ್ ಕರೆದರು. ಕಾರ್ಮಿಕನಿಗೆ ಸ್ವಂತ ಮನೆ ಇಲ್ಲದಿದ್ದರೆ ಆತ ಬಲಶಾಲಿಯ ಜಗಲಿಯಲ್ಲಿ ಕೈಮುಗಿದು ನಿಲ್ಲುತ್ತಾನೆ. ಆ ಜಗಲಿಯಿಂದ ಉತ್ತರ ಭಾರತೀಯರನ್ನೂ ಮುಸ್ಲಿಮರನ್ನೂ ಹೇಗೆ ನೋಡಲಾಗುತ್ತದೆಂದು ನಾವು ಬಲ್ಲೆವು. ದಯೆಯಿಂದ ಮರಳಿ ಸಿಕ್ಕ ಆ ಕೆಲಸಗಳ ಗತಿಯೇನಾಯಿತು? 2019ರ ಏಪ್ರಿಲ್‌ನಲ್ಲಿ ಜೆಟ್ ನಿಂತುಹೋಯಿತು. ಅದಕ್ಕೂ ಮೊದಲೇ 2012ರಲ್ಲಿ ನಮ್ಮ ಬೆಂಗಳೂರಿನ ಉದ್ಯಮಿಯ ಕಿಂಗ್‌ಫಿಶರ್ ನಿಂತಿತ್ತು, ನೌಕರರ ತಿಂಗಳುಗಳ ಸಂಬಳವನ್ನು ಬಾಕಿ ಇಟ್ಟು. ಮಾಲಕ 2016ರಲ್ಲಿ ವಿದೇಶಕ್ಕೆ ಹಾರಿದ. ಅವನ ವಿಮಾನಕ್ಕೆ ಮುಷ್ಕರ ಅಡ್ಡಬರಲಿಲ್ಲ. ‘ಯೂನಿಯನ್ ಬಂದರೆ ಕಂಪೆನಿ ಮುಳುಗುತ್ತದೆ’ ಎನ್ನುವವರು ಈ ಎರಡು ಕಂಪೆನಿಗಳನ್ನು ಮುಳುಗಿಸಿದ್ದು ಯಾರ ಯೂನಿಯನ್ ಎಂದು ಹೇಳಲಿ.

ಈಗ ನಮ್ಮ ಮನೆಯೊಳಗಿನ ಮಾತು. “ಆ ಕೆಲಸವೇ ನಮಗೆ ಹೇಳಿದ್ದಲ್ಲ. ಆ ಉಡುಗೆ, ಆ ನಗು, ಮದ್ಯ ಹಂಚುವುದು, ಇದಕ್ಕೆಲ್ಲ ಇಸ್ಲಾಮಿನಲ್ಲಿ ಜಾಗವಿಲ್ಲ. ಹಾಗಿರುವಾಗ ಅವರ ಸಂಘದ ಗೊಡವೆ ನಮಗೇಕೆ?” ಎಂದು ಕೇಳುವವರಿದ್ದಾರೆ. ಉಡುಗೆಯ ಬಗ್ಗೆ, ಮದ್ಯದ ಬಗ್ಗೆ ನಮ್ಮ ನಿಲುವು ಬದಲಾಗಿಲ್ಲ. ಆದರೆ ಆ ಉಡುಗೆಯನ್ನು ಆರಿಸಿದ್ದು ಯಾರು? ಹುಡುಗಿಯೇ? ಇಷ್ಟೇ ತೂಕ, ಇಷ್ಟೇ ವಯಸ್ಸು, ಇಂಥದೇ ಬಣ್ಣ ಎಂದು ಹೆಣ್ಣಿನ ದೇಹವನ್ನು ಜಾಹೀರಾತು ಮಾಡಿದ್ದು ಮಾರುಕಟ್ಟೆ. ಅದನ್ನು ಪ್ರಶ್ನಿಸುವ ಬಲ ಒಂಟಿ ಹೆಣ್ಣಿಗಿಲ್ಲ, ಸಂಘಕ್ಕಿದೆ. ಅಮೆರಿಕದಲ್ಲಿ 1945ರಲ್ಲಿ ಏಡಾ ಬ್ರೌನ್ ಎಂಬ ಪರಿಚಾರಕಿ ಮೊದಲ ಸಂಘ ಕಟ್ಟಿದ ಬಳಿಕವೂ ಮದುವೆಯಾದವಳನ್ನು ಮನೆಗೆ ಕಳಿಸುವ ನಿಯಮ ಕಿತ್ತೊಗೆಯಲು ಎರಡು ದಶಕಗಳಿಗೂ ಹೆಚ್ಚು ಬೇಕಾಯಿತು. ಕಿತ್ತದ್ದು ಸಂಘಟಿತ ಹೋರಾಟವೇ. ಹೆಣ್ಣಿನ ಘನತೆ ನಮಗೆ ನಿಜಕ್ಕೂ ಮುಖ್ಯವಾಗಿದ್ದರೆ, ಅವಳನ್ನು ಬೈಯುವ ಬದಲು ಅವಳಿಗೆ ‘ಇಲ್ಲ’ ಎನ್ನುವ ಶಕ್ತಿ ಕೊಡುವ ಸಂಸ್ಥೆಯ ಪರ ನಿಲ್ಲಬೇಕು.

ನಮ್ಮ ದೇಶದಲ್ಲಿ ಏನಿತ್ತು? ಏರ್ ಇಂಡಿಯಾದ ಗಗನಸಖಿ 35ಕ್ಕೆ ನಿವೃತ್ತಳಾಗಬೇಕಿತ್ತು. ಅದಕ್ಕೂ ಮೊದಲು, ಕೆಲಸಕ್ಕೆ ಸೇರಿ ನಾಲ್ಕು ವರ್ಷದೊಳಗೆ ಮದುವೆಯಾದರೆ ಅಥವಾ ಮೊದಲ ಬಾರಿ ಗರ್ಭಿಣಿಯಾದರೆ ಕೆಲಸ ಹೋಯಿತು. ಅದೇ ವಿಮಾನದ ಗಂಡು ಸಿಬ್ಬಂದಿಗೆ 58ರವರೆಗೆ ಕೆಲಸ. ನರ್ಗೀಸ್ ಮಿರ್ಜಾ ಮತ್ತು ಸಂಗಾತಿಗಳು ಇದನ್ನು ಪ್ರಶ್ನಿಸಿದರು. 1981ರಲ್ಲಿ ಸುಪ್ರೀಮ್ ಕೋರ್ಟಿನ ಪೀಠದ ಪರವಾಗಿ ನ್ಯಾಯಮೂರ್ತಿ ಫಝಲ್ ಅಲಿ ತೀರ್ಪು ಬರೆದರು. ಗರ್ಭಿಣಿಯನ್ನು ಕೆಲಸದಿಂದ ತೆಗೆಯುವ ನಿಯಮ ಬಿದ್ದುಹೋಯಿತು. ಆದರೆ ನಾಲ್ಕು ವರ್ಷ ಮದುವೆಯಾಗಬಾರದೆಂಬ ನಿಯಮ ಸರಿಯೆಂದೇ ತೀರ್ಮಾನವಾಯಿತು! ನಿಕಾಹ್‌ಗೆ ಕಂಪೆನಿಯ ಅನುಮತಿ ಬೇಕೆಂಬುದನ್ನು ಆಗ ನಮ್ಮಲ್ಲಿ ಯಾರಾದರೂ ಪ್ರಶ್ನಿಸಿದರೇ?

ಇದನ್ನು ನಾವು ಬೇರೆಯವರಿಗಷ್ಟೇ ಕೇಳುವಂತಿಲ್ಲ. ನಮ್ಮ ಮಕ್ಕಳು ಹೆಮ್ಮೆಯಿಂದ ಹತ್ತುವ ಕತಾರ್ ಏರ್‌ವೇಸ್‌ನ ಕರಾರಿನಲ್ಲೂ ಮದುವೆಗೆ ಅನುಮತಿ ಬೇಕಿತ್ತು, ಗರ್ಭಿಣಿಯಾದರೆ ಕೆಲಸ ತೆಗೆಯಲು ಅವಕಾಶವಿತ್ತು. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಗಳು ದೂರಿತ್ತ ಬಳಿಕ 2015ರಲ್ಲಿ ವಿಶ್ವಸಂಸ್ಥೆಯ ಅಂತಾರಾಷ್ಟ್ರೀಯ ಶ್ರಮ ಸಂಸ್ಥೆ ಇದು ತಾರತಮ್ಯವೆಂದು ಹೇಳಿತು. ಆಮೇಲಷ್ಟೇ ನಿಯಮ ಸಡಿಲವಾಯಿತು. ಮದುವೆಯನ್ನು ಧರ್ಮದ ಅರ್ಧವೆಂದು ಪ್ರವಚನ ನೀಡುವ ನಾಡಿನಲ್ಲಿ ಮದುವೆಯ ಹಕ್ಕನ್ನು ಹೇಳಿಕೊಡಲು ಜಿನೀವಾದಿಂದ ಜನ ಬರಬೇಕಾಯಿತು. ಕತಾರ್‌ನಲ್ಲಾಗಲಿ ಯುಎಇಯಲ್ಲಾಗಲಿ ವಲಸಿಗ ದುಡಿಮೆಗಾರರು ಇಂದಿಗೂ ಕಾರ್ಮಿಕ ಸಂಘ ಕಟ್ಟುವಂತಿಲ್ಲ. ತುರ್ಕಿಯಲ್ಲಿ 2012ರಲ್ಲಿ ವಿಮಾನಯಾನದಲ್ಲಿ ಮುಷ್ಕರವನ್ನೇ ನಿಷೇಧಿಸುವ ಕಾನೂನು ತಂದರು. ಪ್ರತಿಭಟಿಸಿದ 305 ಮಂದಿಯನ್ನು ಟರ್ಕಿಶ್ ಏರ್‌ಲೈನ್ಸ್ ತೆಗೆದುಹಾಕಿತು. ಅದೇ ವರ್ಷದೊಳಗೆ ಆ ನಿಷೇಧವನ್ನು ಹಿಂದೆಗೆಯಬೇಕಾಯಿತು. ಆಳುವವನ ಹೆಸರು ಮುಸ್ಲಿಮ್ ಆದ ಮಾತ್ರಕ್ಕೆ ತಕ್ಕಡಿ ನೆಟ್ಟಗಾಗುವುದಿಲ್ಲ.

ಹಾಗೆಯೇ ಸಂಘದ ಹೆಸರು ಯಾವುದಾದರೂ ಬೇಡಿಕೆ ಸೊಟ್ಟಗಾಗುವುದಿಲ್ಲ. 2024ರಲ್ಲಿ ಆ ಸಿಬ್ಬಂದಿಯ ಪರ ನಿಂತದ್ದು ಬಿಎಂಎಸ್‌ಗೆ ಸೇರಿದ ಸಂಘ. ಅದು ಸಂಘಪರಿವಾರದ ಕಾರ್ಮಿಕ ವಿಭಾಗವೆಂದು ನಮಗೆ ಗೊತ್ತು. ಅದರ ಸಿದ್ಧಾಂತದೊಂದಿಗೆ ನಮ್ಮ ಜಗಳ ಮುಗಿಯುವಂಥದ್ದಲ್ಲ. ಆದರೆ 25 ಮಂದಿಗೆ ಕೆಲಸ ಮರಳಿ ಸಿಕ್ಕಾಗ ಅವರ ಧರ್ಮವನ್ನು ಯಾರೂ ಕೇಳಲಿಲ್ಲ. ಸಂಬಳದ ಚೀಟಿಗೆ ಜಾತಿ ಇಲ್ಲ. ನಾವು ದೂರ ನಿಂತು ಮೂಗು ಮುಚ್ಚಿಕೊಂಡರೆ ಆ ಜಾಗ ಅವರಿಗೇ ಬಿಟ್ಟದ್ದಾಗುತ್ತದೆ, ಅಷ್ಟೆ.

ಸಂಘಗಳೆಲ್ಲ ಹಾಲಿನಲ್ಲಿ ತೊಳೆದವುಗಳೆಂದೂ ನಾವು ಹೇಳುವುದಿಲ್ಲ. 2005ರ ಕೊನೆಗೆ ಏರ್ ಇಂಡಿಯಾ ಮಹಿಳೆಯರಿಗೂ ವಿಮಾನದೊಳಗಿನ ಮೇಲ್ವಿಚಾರಕಿಯ ಹುದ್ದೆ ತೆರೆದಾಗ ಅದನ್ನು ಕೋರ್ಟಿಗೆ ಎಳೆದವರು ಜೊತೆಗೆ ದುಡಿಯುವ ಗಂಡಸರೇ. 2011ರಲ್ಲಿ ಸುಪ್ರೀಮ್ ಕೋರ್ಟು ಮಹಿಳೆಯರ ಪರ ತೀರ್ಪಿತ್ತಿತು. ಅದಕ್ಕೂ ಮೊದಲು 2003ರಲ್ಲಿ ಮಹಿಳೆಯರ ಹಾರಾಟದ ವಯಸ್ಸಿನ ವ್ಯಾಜ್ಯದಲ್ಲಿ ಸಿಬ್ಬಂದಿ ಸಂಘವೂ ಕೆಲವು ಗಗನಸಖಿಯರೂ ಎದುರುಬದುರು ನಿಂತಿದ್ದರು. ಸಂಘದೊಳಗೂ ತಕ್ಕಡಿ ಸೊಟ್ಟಗಿರಬಹುದು. ಅದಕ್ಕೆ ಮದ್ದು ಸಂಘದೊಳಗೆ ಹೆಣ್ಣುಮಕ್ಕಳು ಮುಂದೆ ಬರುವುದು. ಇಮಾಮರು ತಪ್ಪು ಮಾಡಿದರೆಂದು ಯಾರೂ ಜಮಾಅತನ್ನೇ ಮುಚ್ಚುವುದಿಲ್ಲ.

ಕೊನೆಗೊಂದು ಹಳೆಯ ಪ್ರಸಂಗ. ಪ್ರವಾದಿತ್ವಕ್ಕೂ ಮೊದಲಿನ ಮಕ್ಕಾ. ಯಮನ್ ಕಡೆಯ ಒಬ್ಬ ವ್ಯಾಪಾರಿ ಸರಕು ತಂದ. ಮಕ್ಕಾದ ಒಬ್ಬ ಪ್ರತಿಷ್ಠಿತ ಅದನ್ನು ಕೊಂಡು ಹಣ ಕೊಡಲಿಲ್ಲ. ಪರವೂರಿನವನಿಗೆ ಅಲ್ಲಿ ಕುಲವೂ ಇಲ್ಲ, ದಿಕ್ಕೂ ಇಲ್ಲ. ಆತ ಬೆಟ್ಟ ಹತ್ತಿ ಜನರೆದುರು ಮೊರೆಯಿಟ್ಟ. ಆಗ ಕೆಲವು ಕುಲಗಳವರು ಅಬ್ದುಲ್ಲಾ ಬಿನ್ ಜುದ್‌ಆನ್‌ರ ಮನೆಯಲ್ಲಿ ಸೇರಿ ಒಂದು ಒಪ್ಪಂದ ಮಾಡಿಕೊಂಡರು: ಅನ್ಯಾಯಕ್ಕೊಳಗಾದವನು ಯಾರೇ ಇರಲಿ, ಅವನ ಹಕ್ಕು ಅವನಿಗೆ ಸಿಗುವವರೆಗೆ ನಾವೆಲ್ಲ ಒಂದೇ ಕೈ. ಆ ಸಭೆಯಲ್ಲಿ ತರುಣ ಮುಹಮ್ಮದ್(ಸ)ರೂ ಇದ್ದರು. ಪ್ರವಾದಿಯಾದ ಮೇಲೂ ಅವರು ಆ ಒಪ್ಪಂದವನ್ನು ಹೆಮ್ಮೆಯಿಂದ ನೆನೆದರು, ಇಂದು ಕರೆದರೂ ಅದಕ್ಕೆ ಓಗೊಡುವೆನೆಂದರು. ಅದೇ ಹಿಲ್ಫುಲ್ ಫುದೂಲ್. ಬೆವರು ಆರುವ ಮೊದಲು ಕೂಲಿ ಕೊಡಿ ಎಂಬ ಪ್ರವಾದಿ ವಚನವನ್ನು ನಾವು ಪ್ರತಿ ಮೇ ದಿನದಂದು ಕೇಳುತ್ತೇವೆ. ಆದರೆ ಕೊಡದಿದ್ದರೆ ಏನು ಮಾಡಬೇಕೆಂಬ ಪ್ರಶ್ನೆಗೆ ಉತ್ತರ ಈ ಒಪ್ಪಂದದಲ್ಲಿದೆ. ಒಂಟಿಯಾದವನ ಹಕ್ಕಿಗಾಗಿ ಹಲವರು ಒಟ್ಟಾಗಿ ನಿಲ್ಲುವುದಕ್ಕೆ ಇಂದಿನ ಭಾಷೆಯಲ್ಲಿ ಏನನ್ನುತ್ತಾರೆ? ಓದುಗರೇ ಹೇಳಲಿ.

ಹಾಗಾದರೆ ಆಗಬೇಕಾದ್ದೇನು? ವಿಮಾನದ ಬಾಗಿಲಲ್ಲಿ ನಮಗೆ ಸ್ವಾಗತ ಹೇಳುವ ಹೊತ್ತಿಗೂ ಅವಳಿಗೆ ಕೂಲಿ ಸಿಗಬೇಕು. ಗುತ್ತಿಗೆಯವಳಾಗಿದ್ದರೂ ಭಯವಿಲ್ಲದೆ ಸಂಘ ಸೇರುವಂತಾಗಬೇಕು, ಸದಸ್ಯತ್ವವನ್ನು ಗುಪ್ತ ಮತದಿಂದ ಅಳೆಯಬೇಕು. ದೂರು ಬಂದ ದಿನವೇ ಕಂಪೆನಿ ಮಾತುಕತೆಗೆ ಕೂರಬೇಕು, ಅಧಿಕಾರವಿಲ್ಲದ ಗುಮಾಸ್ತನನ್ನು ಕಳಿಸಿ ಕಾಲ ನೂಕಬಾರದು. ಸಂಘವೂ ಪ್ರಯಾಣಿಕನಿಗೆ ಮುನ್ಸೂಚನೆ ಕೊಡದೆ ವಿಮಾನ ನಿಲ್ಲಿಸಬಾರದು. ಗಲ್ಫ್‌ನಲ್ಲಿ ನಮ್ಮ ಅನಿವಾಸಿಗಳ ಸಂಘಟನೆಗಳು ಎಷ್ಟೋ ಇವೆ. ಟಿಕೆಟ್ ದರದ ಬಗ್ಗೆ ಮಂತ್ರಿಗಳಿಗೆ ಮನವಿ ಕೊಡುವ ಅವು, ಮುಂದಿನ ಮನವಿಯಲ್ಲಿ ಈ ಎರಡು ಸಾಲುಗಳನ್ನೂ ಸೇರಿಸಲಿ. ಸಂಬಳ ಬಾಕಿಯಾಗಿ, ಪಾಸ್‌ಪೋರ್ಟ್ ಕಫೀಲನ ಬಳಿ ಸಿಕ್ಕಿಹಾಕಿಕೊಂಡು, ಕೇಳಲು ಒಂದು ಸಂಘವೂ ಇಲ್ಲದೆ ದುಡಿದ ನೋವು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ವಿಮಾನದಲ್ಲಿ ಸೀಟಿನಲ್ಲಿ ಕೂತವನೂ ಹಾದಿಯಲ್ಲಿ ನಿಂತವಳೂ ಮನೆಬಿಟ್ಟು ದುಡಿಯಲು ಹೊರಟವರೇ. ಮುಂದಿನ ಬಾರಿ ವಿಮಾನ ತಡವಾಗಿ, ಅವಳ ಮೇಲೆ ಸಿಡುಕುವ ಮೊದಲು ನೆನಪಿರಲಿ: ಆ ಹೊತ್ತಿಗೆ ಅವಳ ಗಡಿಯಾರ ಓಡುತ್ತಿಲ್ಲ.